ನೀರಿನ ಮೂರು ದೋಷಗಳು : ಗೃಹಾರೋಗ್ಯವನ್ನು ಕುರಿತು ಒಂದು ಪಾಠ

ಸಂಸ್ಕೃತದ ನಿಘಂಟುಕಾರರು ನೀರಿಗೆ ಕೊಟ್ಟಿರುವ ಹೆಸರುಗಳು ಹಲವು. 'ಜೀವನ' ಎಂಬುದು ಅವುಗಳಲ್ಲೊಂದು. 'ಅಮೃತ' ಎಂಬುದು ಮತ್ತೊಂದು. ಆದರೆ ಅದೇ ನಿಘಂಟುಗಳಲ್ಲಿ 'ವಿಷ' ಎಂಬ ಶಬ್ದಕ್ಕೂ ನೀರೆಂಬ ಅರ್ಥ ಉಂಟು. ಕವಿಗಳಿಗೆ ಇದು ಶ್ಲೇಷಾಲಂಕಾರದ ಸಾಮಗ್ರಿ. ವಿದ್ಯಾರ್ಥಿಗಳಿಗೆ ಪರೀಕ್ಷೆಯ ಪ್ರಶ್ನೆ. ಗೃಹಸ್ಥನಿಗೆ ಮಾತ್ರ ಇದು ಕೇವಲ ಶಬ್ದಚಮತ್ಕಾರವಲ್ಲ. ಒಂದೇ ಬಾವಿಯ ಒಂದೇ ಕೊಡದ ನೀರು ಒಂದು ಮನೆಯಲ್ಲಿ ಜೀವನವಾಗಿ, ಪಕ್ಕದ ಮನೆಯಲ್ಲಿ ವಿಷವಾಗಿ ಪರಿಣಮಿಸಬಹುದು. ತಂದ ನೀರನ್ನು ಹೇಗೆ ಸೋಸಿದರು, ಹೇಗೆ ಕಾಯಿಸಿದರು, ಯಾವ ಪಾತ್ರೆಯಲ್ಲಿ ಇಟ್ಟರು, ಯಾವ ಕೈಯಿಂದ ತೆಗೆದರು ಎಂಬುದರ ಮೇಲೆ ಈ ಭೇದ ನಿಂತಿದೆ.

ಕನ್ನಡ ನಾಡಿನಲ್ಲಿ ನೀರಿನ ಉಪಕಾರವು ಧರ್ಮಗಳಲ್ಲೆಲ್ಲ ಹಿರಿದೆಂದು ಎಣಿಸಲ್ಪಟ್ಟಿತ್ತು. ಸೊನ್ನಲಿಗೆಯ ಸಿದ್ಧರಾಮನು ಕಲ್ಯಾಣಕ್ಕೆ ಬರುವ ಮುನ್ನವೇ ಕೆರೆಯನ್ನು ಕಟ್ಟಿಸಿ ಲೋಕೋಪಕಾರಿಯೆನಿಸಿದ್ದನು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿಯು ಮಗನಿಗೆ ಮಾಡುವ ಉಪದೇಶದಲ್ಲಿ ಕೆರೆ ಬಾವಿಗಳ ಮಾತು ಮೊದಲಾಗಿ ಬರುತ್ತದೆ. ಬೇಸಗೆಯ ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡುವ ವಾಡಿಕೆ ಇಂದಿಗೂ ಅಳಿದಿಲ್ಲ. ನೀರನ್ನು ಒದಗಿಸುವ ಪುಣ್ಯವನ್ನು ಹಿರಿಯರು ಹೀಗೆ ಕಲಿಸಿಹೋದರು. ಒದಗಿಸಿದ ನೀರನ್ನು ನಿರ್ದೋಷವಾಗಿ ಉಳಿಸಿಕೊಳ್ಳುವ ವಿದ್ಯೆಯನ್ನು ಕಲಿಯುವ ಹೊಣೆ ಇಂದಿನವರದು.

ಕುಡಿಯುವ ನೀರಿಗೆ ಸೇರುವ ದೋಷಗಳನ್ನು ಮೂರಾಗಿ ವಿಂಗಡಿಸಿಕೊಂಡರೆ ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಮೊದಲನೆಯದು ಬಟ್ಟೆಯಿಂದ ಸೋಸಿ ತೆಗೆಯಬಹುದಾದ ದೋಷ. ಎರಡನೆಯದು ಬಟ್ಟೆಗೆ ಸಿಕ್ಕದೆ ಬೆಂಕಿಗೆ ಸಾಯುವ ದೋಷ. ಮೂರನೆಯದು ಬಟ್ಟೆಗೂ ಸಿಕ್ಕದ, ಬೆಂಕಿಗೂ ಬಗ್ಗದ ದೋಷ. ಒಂದರ ಮದ್ದು ಮತ್ತೊಂದಕ್ಕೆ ನಾಟದು. ಈ ವಿವೇಕವಿಲ್ಲದಿದ್ದರೆ ಎಷ್ಟು ಮಡಿವಂತಿಕೆಯಿದ್ದರೂ ಮನೆಗೆ ರೋಗ ತಪ್ಪುವುದಿಲ್ಲ.

1. ಸೋಸಿದರೆ ಹೋಗುವ ದೋಷ

ವಚನ ಸಾಹಿತ್ಯದಲ್ಲಿ ಪೂಜೆಯ ನೀರಿಗೆ 'ಅಗ್ಘವಣಿ' ಎಂಬ ಹೆಸರಿದೆ. ಅಗ್ಘವಣಿಯನ್ನು ಶುಭ್ರವಾದ ಬಟ್ಟೆಯಲ್ಲಿ ಸೋಸಿ ತರುವುದು ಶರಣರ ಮನೆಗಳ ಆಚಾರ. ಜೈನರಲ್ಲಿಯೂ ಸೋಸದ ನೀರನ್ನು ಕುಡಿಯಬಾರದೆಂಬ ಕಟ್ಟಳೆ ಬಲವಾಗಿದೆ. ಈ ಆಚಾರಗಳ ಹಿಂದೆ ಭಕ್ತಿಯೂ ಅಹಿಂಸೆಯೂ ಇದ್ದವು. ಆದರೆ ಸೋಸುವ ಒಂದು ಬಟ್ಟೆಯ ತುಂಡು ಒಂದು ರೋಗವನ್ನೇ ದೇಶದಿಂದ ಓಡಿಸಬಲ್ಲುದೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಸಿದ್ಧವಾಯಿತು. ಆ ರೋಗವೇ ನಾರುಹುಣ್ಣು.

ಈಗಿನ ವಿದ್ಯಾರ್ಥಿಗಳಿಗೆ ನಾರುಹುಣ್ಣಿನ ಹೆಸರೂ ತಿಳಿಯದು. ಅದು ತಿಳಿಯದಿರುವುದೇ ಒಂದು ಭಾಗ್ಯ. ಉತ್ತರ ಕರ್ನಾಟಕದ ಬಯಲುಸೀಮೆಯ ಮುದುಕರನ್ನು ಕೇಳಿದರೆ ಅವರು ಕಣಕಾಲನ್ನೋ ಹಿಮ್ಮಡಿಯನ್ನೋ ತೋರಿಸಿ ಆ ಕಥೆಯನ್ನು ಹೇಳಿಯಾರು. ಮೊದಲು ಕಾಲಿನಲ್ಲಿ ಒಂದು ಬೊಕ್ಕೆ ಏಳುತ್ತದೆ. ಬೆಂಕಿಯಿಟ್ಟಂತೆ ಉರಿ. ಬೊಕ್ಕೆ ಒಡೆದಾಗ ಅದರೊಳಗಿಂದ ಬಿಳಿಯ ನಾರಿನಂತಹ ಹುಳು ತಲೆಯಿಡುತ್ತದೆ. ಅದರ ಉದ್ದ ಎರಡು ಮೂರು ಅಡಿ. ಎಳೆದರೆ ಹರಿಯುತ್ತದೆ; ಹರಿದರೆ ಕಾಲೆಲ್ಲ ಬಾತು ಕೀವು ತುಂಬುತ್ತದೆ. ಆದುದರಿಂದ ಸಣ್ಣ ಕಡ್ಡಿಗೆ ಅದನ್ನು ಸುತ್ತಿ, ದಿನಕ್ಕೆ ಬೆರಳಗಲದಷ್ಟು ಹೊರಗೆಳೆಯುತ್ತ, ವಾರಗಟ್ಟಲೆ ಹಾಸಿಗೆಯಲ್ಲಿ ಬಿದ್ದಿರಬೇಕಾಗಿತ್ತು. ಒಂದು ಮನೆಯಲ್ಲಿ ಇಬ್ಬರು ಮೂವರಿಗೆ ಒಮ್ಮೆಗೇ ಬಂದರೆ ಹೊಲಕ್ಕೆ ಹೋಗುವವರಿಲ್ಲ, ಮಕ್ಕಳನ್ನು ಶಾಲೆಗೆ ಕಳಿಸುವವರಿಲ್ಲ. ಈ ಹುಳುವನ್ನು ಕೊಲ್ಲುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ತಡೆಯುವ ಲಸಿಕೆಯೂ ಇಲ್ಲ.

ಹುಳು ಕಾಲಿಗೆ ಬಂದುದು ಎಲ್ಲಿಂದ? ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಜಲಕೀಟವಿರುತ್ತದೆ. ಅದು ಒಂದೆರಡು ಮಿಲಿಮೀಟರಿನಷ್ಟು ಸಣ್ಣದು. ಬಿಸಿಲಿಗೆ ಹಿಡಿದ ಗಾಜಿನ ಲೋಟದಲ್ಲಿ ಚುಕ್ಕೆಯಂತೆ ಕುಣಿಯುತ್ತ ಕಾಣಬಹುದು. ನಾರುಹುಳುವಿನ ಮರಿಗಳನ್ನು ಈ ಕೀಟ ನುಂಗುತ್ತದೆ. ಮನುಷ್ಯನು ನೀರಿನೊಡನೆ ಈ ಕೀಟವನ್ನು ನುಂಗುತ್ತಾನೆ. ಹೊಟ್ಟೆಯಲ್ಲಿ ಕೀಟವು ಜೀರ್ಣವಾಗಿ ಹೋಗುತ್ತದೆ, ಮರಿ ಉಳಿಯುತ್ತದೆ. ಸುಮಾರು ಒಂದು ವರ್ಷ ಅದು ದೇಹದೊಳಗೆ ಬೆಳೆದು ಕೊನೆಗೆ ಕಾಲಿನ ಚರ್ಮಕ್ಕೆ ಬರುತ್ತದೆ. ಉರಿಯನ್ನು ತಾಳಲಾರದ ರೋಗಿಯು ಮೆಟ್ಟಿಲುಬಾವಿಗೆ ಇಳಿದು ನೀರಿನಲ್ಲಿ ಕಾಲಿಡುತ್ತಾನೆ. ಒಡನೆಯೇ ಹುಳುವು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಚಕ್ರವು ಮತ್ತೆ ತಿರುಗಲು ತೊಡಗುತ್ತದೆ. ಜಲಕೀಟದ ಈ ಪಾತ್ರವನ್ನು 1870ರ ಸುಮಾರಿನಲ್ಲಿ ಕಂಡುಹಿಡಿದವನು ಫೆಡ್ಚೆಂಕೊ ಎಂಬ ರಷ್ಯದ ವಿಜ್ಞಾನಿ.

ಚಕ್ರದ ಒಂದು ಅರವನ್ನು ಮುರಿದರೆ ಸಾಕು, ಚಕ್ರವು ನಿಲ್ಲುತ್ತದೆ. ಭಾರತ ಸರ್ಕಾರವು 1983-84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ, ಮಹಾರಾಷ್ಟ್ರ, ಆಂಧ್ರಪ್ರದೇಶಗಳೊಡನೆ ಕರ್ನಾಟಕವೂ ಅಂದು ಆ ರೋಗದ ನೆಲೆಯಾಗಿತ್ತು. ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ರೋಗಿಗಳನ್ನು ಹುಡುಕಿದರು. ಜನರು ಇಳಿದು ನೀರು ತರುತ್ತಿದ್ದ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದರು, ಕೈಪಂಪುಗಳನ್ನು ಹಾಕಿಸಿದರು, ಕೀಟನಾಶಕವನ್ನು ತಕ್ಕ ಪ್ರಮಾಣದಲ್ಲಿ ನೀರಿಗೆ ಬಿಟ್ಟರು. ಮನೆಮನೆಗೂ ಸಣ್ಣ ಕಣ್ಣಿನ ಬಟ್ಟೆಯನ್ನು ಕೊಟ್ಟು ಸೋಸುವುದನ್ನು ಕಲಿಸಿದರು. ಭಾರತದ ಕೊನೆಯ ರೋಗಿ ಕಂಡುಬಂದುದು 1996ರ ಜುಲೈ ತಿಂಗಳಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವಾದ ದೇಶವೆಂದು ಸಾರಿತು. ಮದ್ದಿಲ್ಲದ ರೋಗವೊಂದು ಬಟ್ಟೆಯಿಂದಲೂ ಬುದ್ಧಿಯಿಂದಲೂ ಅಳಿಯಿತು. ಆರೋಗ್ಯದ ಇತಿಹಾಸದಲ್ಲಿ ಗೃಹಿಣಿಯರಿಗೆ ಇದಕ್ಕಿಂತ ಮಿಗಿಲಾದ ಪ್ರಶಸ್ತಿಪತ್ರ ಮತ್ತೊಂದಿಲ್ಲ.

ಸೋಸುವುದರಲ್ಲಿಯೂ ಒಂದು ಕ್ರಮವುಂಟು. ಬಟ್ಟೆಯು ಒತ್ತಾದ ನೇಯ್ಗೆಯದಾಗಿರಬೇಕು. ನಾಲ್ಕು ಮಡಿಕೆ ಮಾಡಿಕೊಳ್ಳಬೇಕು. ನಿತ್ಯವೂ ಅದೇ ಮುಖವನ್ನು ಮೇಲೆ ಮಾಡಿ ಹಿಡಿಯಬೇಕು. ನಿನ್ನೆ ಮೇಲಿದ್ದ ಮುಖವನ್ನು ಇಂದು ಕೆಳಗೆ ಮಾಡಿದರೆ, ನಿನ್ನೆ ಹಿಡಿದ ಕಸವನ್ನು ಇಂದು ಕೊಡಕ್ಕೆ ತೊಳೆದು ಹಾಕಿದಂತಾಗುತ್ತದೆ. ಸೋಸಿದ ಮೇಲೆ ಬಟ್ಟೆಯನ್ನು ಒಗೆದು ಬಿಸಿಲಿನಲ್ಲಿ ಒಣಗಿಸಬೇಕು.

2. ಕಾಯಿಸಿದರೆ ಹೋಗುವ ದೋಷ

ಕಾಲರಾ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆಯ ಕೆಲವು ಬಗೆಗಳು, ಎಳೆಯ ಮಕ್ಕಳ ಭೇದಿ, ಇವೆಲ್ಲ ನೀರಿನ ಮೂಲಕ ಹರಡುವ ವ್ಯಾಧಿಗಳು. ಇವುಗಳ ಕಾರಣಜೀವಿಗಳು ಕಣ್ಣಿಗೆ ಕಾಣವು. ತಿಳಿಯಾದ, ರುಚಿಯಾದ, ತಣ್ಣನೆಯ ನೀರಿನಲ್ಲಿಯೂ ಅವು ಇರಬಲ್ಲವು. 'ನೀರು ತಿಳಿಯಾಗಿದೆ, ಆದುದರಿಂದ ಶುದ್ಧವಾಗಿದೆ' ಎಂಬ ಅನುಮಾನವು ತರ್ಕಶಾಸ್ತ್ರದ ಹೇತ್ವಾಭಾಸಕ್ಕೆ ಒಳ್ಳೆಯ ಉದಾಹರಣೆ.

1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಕಾಲರಾ ಹಬ್ಬಿ, ಹತ್ತು ದಿನಗಳಲ್ಲಿ ಐನೂರಕ್ಕೂ ಮಿಕ್ಕ ಜನ ಮಡಿದರು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಅಂದಿನ ಪಂಡಿತರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಒಂದೊಂದಾಗಿ ಗುರುತಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿಕೊಟ್ಟನು. ಆ ಪಂಪಿನ ಹಿಡಿಕೆಯನ್ನು ಕಳಚಿಸಲಾಯಿತು. ಆ ಬಾವಿಯ ಪಕ್ಕದಲ್ಲಿಯೇ ಸೋರುತ್ತಿದ್ದ ಮಲದ ಗುಂಡಿಯೊಂದು ಇದ್ದಿತೆಂಬುದು ಅನಂತರ ತಿಳಿಯಿತು. ಮೂವತ್ತು ವರ್ಷಗಳ ಬಳಿಕ, 1884ರಲ್ಲಿ, ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಸಂಶೋಧನೆ ನಡೆಸಿ, ಕಾಲರಾ ರೋಗಾಣುವನ್ನು ಅಲ್ಲಿನ ಕೊಳವೊಂದರ ನೀರಿನಲ್ಲಿಯೂ ಕಂಡನು. ಆ ರೋಗಾಣುವು ಕರುಳಿನಲ್ಲಿ ಒಂದು ವಿಷವನ್ನು ಸ್ರವಿಸಿ ದೇಹದ ನೀರನ್ನೆಲ್ಲ ಹೊರಗೆಳೆಯುತ್ತದೆಂಬುದನ್ನು 1959ರಲ್ಲಿ ತೋರಿಸಿದವರು ಕಲ್ಕತ್ತೆಯವರೇ ಆದ ಶಂಭುನಾಥ ಡೇ.

ಈ ದೋಷಕ್ಕೆ ಬಟ್ಟೆಯೊಂದೇ ಸಾಲದು. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು ಬಾಂಗ್ಲಾದೇಶದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವು ಹೇಳುತ್ತದೆ. ಅರ್ಧ ಇಳಿದುದು ದೊಡ್ಡ ಮಾತೇ. ಆದರೆ ಉಳಿದ ಅರ್ಧಕ್ಕೆ ಬೆಂಕಿಯೇ ಬೇಕು. ನೀರು ಬೆಚ್ಚಗಾದರೆ ಸಾಲದು, ಆವಿಯಾಡಿದರೂ ಸಾಲದು; ಕೊಳಕೊಳನೆ ಕುದಿಯಬೇಕು. ಒಂದು ನಿಮಿಷ ಹಾಗೆ ಕುದಿದರೆ ರೋಗಾಣುಗಳು ಸಾಯುತ್ತವೆ. ಕುದಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಬೇಕು. ತೊಳೆಯದ ಕೊಡಕ್ಕೆ ಬಗ್ಗಿಸಿದರೆ ಉರುವಲೂ ಶ್ರಮವೂ ವ್ಯರ್ಥ.

ಊರಿನ ಬಾವಿಯ ನೀರನ್ನೆಲ್ಲ ಕಾಯಿಸುವುದು ಸಾಧ್ಯವಿಲ್ಲ. ಅಲ್ಲಿ ಚಲುವೆಪುಡಿ, ಎಂದರೆ ಬ್ಲೀಚಿಂಗ್ ಪೌಡರ್, ಬೆಂಕಿಯ ಕೆಲಸವನ್ನು ಮಾಡುತ್ತದೆ. ಇದರ ಲೆಕ್ಕವು ಮಾಧ್ಯಮಿಕ ಶಾಲೆಯ ಗಣಿತಕ್ಕೆ ನಿಲುಕುವಂಥದು. ದುಂಡುಬಾವಿಯ ಅಡ್ಡಳತೆ 3 ಮೀಟರು, ನೀರಿನ ಆಳ 4 ಮೀಟರು ಎಂದಿಟ್ಟುಕೊಳ್ಳೋಣ. ಅಡ್ಡಳತೆಯ ವರ್ಗ 9. ಅದನ್ನು ಆಳದಿಂದಲೂ 3.14ರಿಂದಲೂ ಗುಣಿಸಿ 4ರಿಂದ ಭಾಗಿಸಿದರೆ 28.26 ಘನಮೀಟರು, ಅಂದರೆ 28,260 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಸುಮಾರು 70 ಗ್ರಾಂ ಒಳ್ಳೆಯ ಪುಡಿ ಬೇಕು. ಅದನ್ನು ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಿಂದ ಮಂದವಾಗಿ ಕಲಸಿ, ಮತ್ತೆ ನೀರು ಬೆರಸಿ, ಐದು ಹತ್ತು ನಿಮಿಷ ಬಿಡಬೇಕು. ಸುಣ್ಣವು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೊಂದು ಬಕೆಟ್ಟಿಗೆ ಬಗ್ಗಿಸಿ, ಬಾವಿಗೆ ಇಳಿಬಿಟ್ಟು, ಮೇಲೆ ಕೆಳಗೆ ಎಳೆದಾಡಿ ಬೆರಸಬೇಕು. ತಳದ ಸುಣ್ಣವನ್ನು ಬಾವಿಗೆ ಹಾಕಕೂಡದು. ಕಡೆಯ ಪಕ್ಷ ಒಂದು ಗಂಟೆ ಕಳೆಯುವವರೆಗೆ ಯಾರೂ ನೀರು ಸೇದಬಾರದು. ರಾತ್ರಿಯ ವೇಳೆ ಹಾಕಿದರೆ ಅನುಕೂಲ. ನೀರು ಕದಡಿದ್ದರೆ ಪುಡಿಯ ಶಕ್ತಿ ಕದಡಿಗೇ ವ್ಯಯವಾಗುತ್ತದೆ. ಆಗ ಹೆಚ್ಚು ಬೇಕಾದೀತು, ಆರೋಗ್ಯ ಕಾರ್ಯಕರ್ತರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಗಾಳಿಗೆ ತೆರೆದಿಟ್ಟ ಹಳೆಯ ಪುಡಿ ಸತ್ವಹೀನವಾಗಿರುತ್ತದೆ.

ನಲ್ಲಿಯ ನೀರು ಬಂದ ಮಾತ್ರಕ್ಕೆ ಚಿಂತೆ ತೀರಿತೆಂದು ತಿಳಿಯಬಾರದು. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಿಂದ ಹಳ್ಳಿಯ ಮನೆಗಳಿಗೂ ನಲ್ಲಿಗಳು ಬಂದಿವೆ. ಆದರೆ ದಿನಕ್ಕೊಂದೆರಡು ಗಂಟೆಯೋ, ಎರಡು ದಿನಕ್ಕೊಮ್ಮೆಯೋ ನೀರು ಬರುವಲ್ಲಿ, ಉಳಿದ ಹೊತ್ತು ಕೊಳವೆ ಬರಿದಾಗಿರುತ್ತದೆ. ಬರಿದಾದ ಕೊಳವೆಯ ಬಿರುಕು ಪಕ್ಕದ ಚರಂಡಿಯ ನೀರನ್ನು ಒಳಗೆಳೆಯುತ್ತದೆ. ಒತ್ತಡ ಸಾಲದೆಂದು ಅಂಗಳದಲ್ಲಿ ಗುಂಡಿ ತೋಡಿ ನಲ್ಲಿಯನ್ನು ಕೆಳಗಿಳಿಸುವ ಪದ್ಧತಿ ಕೆಲವು ಊರುಗಳಲ್ಲುಂಟು. ಬಚ್ಚಲ ನೀರು ಆ ಗುಂಡಿಯಲ್ಲಿ ನಿಂತರೆ, ಮನೆಯವರು ತಮ್ಮ ಕೊಳೆಯನ್ನು ತಾವೇ ಕುಡಿದಂತಾಗುತ್ತದೆ. ನಲ್ಲಿ ಬಿಟ್ಟೊಡನೆ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯಬಾರದು. ಬಾವಿಗೂ ಶೌಚದ ಗುಂಡಿಗೂ ನಡುವೆ ಕನಿಷ್ಠ 15 ಮೀಟರು ಅಂತರವಿರಬೇಕು.

ಶುದ್ಧವಾದ ನೀರನ್ನು ಮತ್ತೆ ಕೆಡಿಸುವುದು ಕೈ. ಶೌಚದ ಅನಂತರವೂ, ಮಗುವಿನ ಮಲವನ್ನು ತೊಳೆದ ಮೇಲೂ, ಅಡುಗೆಗೆ ಕೈಯಿಕ್ಕುವ ಮುನ್ನವೂ, ಊಟಕ್ಕೆ ಕೂಡುವ ಮುನ್ನವೂ ಸಾಬೂನಿನಿಂದ ಎರಡೂ ಕೈಗಳನ್ನು ಉಜ್ಜಿ ತೊಳೆಯಬೇಕು. ಎಳೆಮಗುವಿನ ಮಲ ನಿರಪಾಯವೆಂಬ ನಂಬಿಕೆ ತಪ್ಪು, ಅದರಲ್ಲಿಯೂ ರೋಗಾಣುಗಳಿರುತ್ತವೆ. ಕೊಡದೊಳಗೆ ಲೋಟವನ್ನೂ ಬೆರಳನ್ನೂ ಅದ್ದದೆ, ಉದ್ದ ಹಿಡಿಯ ಸೌಟಿನಿಂದ ನೀರು ತೆಗೆಯಬೇಕು.

ತಾಮ್ರದ ಕೊಡದ ಮಾತು ಇಲ್ಲಿ ಬರಬೇಕಾದುದೇ. ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆ ಇಟ್ಟ ನೀರಿನಲ್ಲಿ ಭೇದಿಯ ರೋಗಾಣುಗಳು ಸತ್ತುವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಅಜ್ಜಿಯರ ಆಚಾರಕ್ಕೆ ಪ್ರಯೋಗಶಾಲೆಯ ಬೆಂಬಲ ಸಿಕ್ಕಿದುದು ಸಂತೋಷವೇ. ಆದರೆ ಸಂಜೆ ತಂದು ಬೆಳಗ್ಗೆ ಕುಡಿಯುವ ನೀರಿಗೆ ಅಷ್ಟು ಕಾಲ ದೊರೆಯದು. ಆದುದರಿಂದ ತಾಮ್ರವು ಕಾಯಿಸುವಿಕೆಗೆ ಸಹಾಯಕವೇ ಹೊರತು ಬದಲಿಯಲ್ಲ. ಮಜ್ಜಿಗೆ, ಹುಳಿ, ಪಾನಕಗಳನ್ನು ತಾಮ್ರದಲ್ಲಿ ಇಡಲೇಬಾರದು.

3. ಭೇದಿಯಾದ ಮಗುವಿಗೆ ನೀರು

ಇಷ್ಟು ಎಚ್ಚರವಹಿಸಿದರೂ ಒಮ್ಮೊಮ್ಮೆ ಮನೆಯ ಮಗುವಿಗೆ ಭೇದಿ ತಗಲುತ್ತದೆ. ಆ ಗಳಿಗೆಯಲ್ಲಿ ಮನೆಯವರ ತಿಳಿವಳಿಕೆಯೇ ಮಗುವಿನ ಆಯುಸ್ಸು. 'ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ. ಬಾಯಿ ಕಟ್ಟಬೇಕು' ಎಂಬ ಮಾತು ಅನೇಕ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೇಳುವವರು ಮಗುವನ್ನು ಪ್ರೀತಿಸುವ ಹಿರಿಯರೇ. ಆದರೆ ಈ ಮಾತಿನಿಂದ ಬರಿದಾದ ತೊಟ್ಟಿಲುಗಳು ಲೆಕ್ಕವಿಲ್ಲದಷ್ಟು. ಭೇದಿಯಾದ ಮಗುವಿನ ಪ್ರಾಣ ಹೋಗುವುದು ಬಹುಮಟ್ಟಿಗೆ ದೇಹದ ನೀರೂ ಲವಣವೂ ಬರಿದಾಗುವುದರಿಂದ. ಸೋರುತ್ತಿರುವ ಕೊಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರೆ ಅದು ಬೇಗ ಬರಿದಾಗುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ.

ಬರಿಯ ನೀರನ್ನು ಕೆರಳಿದ ಕರುಳು ಸರಿಯಾಗಿ ಹೀರಿಕೊಳ್ಳದು. ಆದರೆ ಸಕ್ಕರೆ ಜೊತೆಯಲ್ಲಿದ್ದರೆ ಕರುಳು ಉಪ್ಪನ್ನು ಒಳಗೆ ತೆಗೆದುಕೊಳ್ಳುತ್ತದೆ. ಉಪ್ಪನ್ನು ನೀರು ಹಿಂಬಾಲಿಸುತ್ತದೆ. ಈ ಸರಳ ತತ್ತ್ವದ ಶಕ್ತಿಯು ಲೋಕಕ್ಕೆ ಗೋಚರವಾದುದು 1971ರಲ್ಲಿ. ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ಲವಣದ್ರವವು ಮುಗಿದುಹೋಯಿತು. ಡಾಕ್ಟರ್ ದಿಲೀಪ್ ಮಹಾಲನೋಬಿಸ್ ಅವರು ಉಪ್ಪು ಸಕ್ಕರೆಗಳ ಮಿಶ್ರಣವನ್ನು ಪೀಪಾಯಿಗಳಲ್ಲಿ ಕಲಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಲೋಟ ಲೋಟ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರು ವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಆ ಶಿಬಿರದಲ್ಲಿ ಔಷಧ ಕುಡಿಸಿದವರು ವೈದ್ಯರಲ್ಲ, ತಾಯಂದಿರೂ ಅಕ್ಕತಂಗಿಯರೂ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಇಂದು ಆ ಮಿಶ್ರಣವು ಓ.ಆರ್.ಎಸ್. ಎಂಬ ಹೆಸರಿನಿಂದ ಪೊಟ್ಟಣಗಳಲ್ಲಿ ಸಿಕ್ಕುತ್ತದೆ. ಆರೋಗ್ಯ ಕೇಂದ್ರಗಳಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ ದೊರೆಯುತ್ತದೆ. ಒಂದು ಲೀಟರಿನ ಪೊಟ್ಟಣವಾದರೆ ಪೂರ್ಣ ಪೊಟ್ಟಣವನ್ನು ಒಂದು ಲೀಟರು ಕಾಯಿಸಿ ಆರಿಸಿದ ನೀರಿನಲ್ಲಿಯೇ ಕರಗಿಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಲೋಟಕ್ಕೆ ಸುರಿಯುವುದು ಅಪಾಯ. ಇಪ್ಪತ್ತನಾಲ್ಕು ಗಂಟೆಗಳ ಮೇಲೆ ಉಳಿದುದನ್ನು ಚೆಲ್ಲಬೇಕು. ಪ್ರತಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರು, ಅದಕ್ಕೆ ಮೇಲ್ಪಟ್ಟ ಮಗುವಿಗೆ 100ರಿಂದ 200 ಮಿಲಿಲೀಟರು ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಮತ್ತೆ ಕೊಡಬೇಕು. ಪೊಟ್ಟಣ ಸಿಕ್ಕದಾಗ ಒಂದು ಲೀಟರು ಶುದ್ಧ ನೀರಿಗೆ ಆರು ಸಮತಟ್ಟಾದ ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಬಹುದು. ಉಪ್ಪು ಹೆಚ್ಚಾಗಬಾರದು. ಕುಡಿಸುವ ಮುನ್ನ ದೊಡ್ಡವರು ರುಚಿ ನೋಡಬೇಕು. ಅದು ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಬೇಕು.

ಮೊಲೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಊಟ ಮಾಡುವ ಮಗುವಿಗೆ ಗಂಜಿ, ಮಜ್ಜಿಗೆ ಅನ್ನ, ಬೇಳೆಯ ತಿಳಿ ಮುಂದುವರಿಯಬೇಕು. ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನು ಹದಿನಾಲ್ಕು ದಿನ ಕೊಟ್ಟರೆ ಭೇದಿ ಬೇಗ ಇಳಿದು, ಮುಂದೆ ಮರುಕಳಿಸುವುದೂ ಕಡಿಮೆಯಾಗುತ್ತದೆ. ಮಗು ಮಂಕಾಗಿ ಮಲಗಿದ್ದರೆ, ಕುಡಿಯಲಾರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮೆಲ್ಲನೆ ಮರಳಿದರೆ, ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಹೋಗುವ ದಾರಿಯಲ್ಲಿಯೂ ಕುಡಿಯಬಲ್ಲ ಮಗುವಿಗೆ ಕುಡಿಸುತ್ತಲೇ ಇರಬೇಕು.

4. ಸೋಸಿದರೂ ಕಾಯಿಸಿದರೂ ಹೋಗದ ದೋಷ

ಮೂರನೆಯ ದೋಷವು ನೆಲದೊಳಗಿನ ಕಲ್ಲಿನಿಂದ ನೀರಿಗೆ ಕರಗಿ ಬರುವಂಥದು. ಅದರಲ್ಲಿ ಮುಖ್ಯವಾದುದು ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಗುರುತಾಗದು. ಭಾರತೀಯ ಮಾನಕದಂತೆ ಒಂದು ಲೀಟರು ನೀರಿನಲ್ಲಿ 1 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದು. ಬೇರೆ ಗತಿಯಿಲ್ಲದಲ್ಲಿ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲವು ವರ್ಷ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಹಳದಿ, ಕಂದು ಕಲೆಗಳು ಮೂಡುತ್ತವೆ. ಪ್ರಮಾಣವು ಇನ್ನೂ ಹೆಚ್ಚಿದ್ದರೆ ಮೂಳೆಗಳು ಪೆಡಸಾಗಿ ಬೆನ್ನು ಬಗ್ಗದು, ಕುತ್ತಿಗೆ ತಿರುಗದು, ಮೊಣಕಾಲು ಸೊಟ್ಟಗಾಗುತ್ತದೆ. ಭಾರತದಲ್ಲಿ ಈ ವ್ಯಾಧಿಯು ಮೊದಲು ವರದಿಯಾದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಈ ದೋಷವುಂಟು.

ಇಲ್ಲೊಂದು ವಿಪರ್ಯಾಸವಿದೆ. ರೋಗಾಣುಗಳಿಗೆ ಹೆದರಿ ಕೆರೆಯ ನೀರನ್ನು ಬಿಟ್ಟು, ಆಳದ ಕೊಳವೆಬಾವಿಯ ತಿಳಿನೀರಿಗೆ ಹೋದ ಊರುಗಳೇ ಹಲವೆಡೆ ಫ್ಲೋರೈಡಿಗೆ ತುತ್ತಾದವು. ಈ ನೀರನ್ನು ಕಾಯಿಸಿದರೆ ದೋಷವು ಹೋಗದು. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಇನ್ನಷ್ಟು ಸಾಂದ್ರವಾಗುತ್ತದೆ. ಎರಡನೆಯ ದೋಷದ ಮದ್ದು ಮೂರನೆಯದಕ್ಕೆ ಅಪಥ್ಯವಾಗುವುದು ಹೀಗೆ. ಕಲೆಬಿದ್ದ ಹಲ್ಲನ್ನು ಉಜ್ಜಿ ಬಿಳುಪು ಮಾಡಲಾಗದು, ಬಾಗಿದ ಮೂಳೆಯನ್ನು ಔಷಧದಿಂದ ನೇರಮಾಡಲಾಗದು. ಶಾಶ್ವತ ಹಲ್ಲುಗಳ ಕವಚವು ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಅಂದರೆ ಮಗು ಮೂರನೆಯ ತರಗತಿಗೆ ಬರುವುದರೊಳಗೆ ತೀರ್ಮಾನವಾಗಿಹೋಗಿರುತ್ತದೆ.

ಮೊದಲ ಉಪಾಯವೆಂದರೆ ನೀರನ್ನು ಪರೀಕ್ಷಿಸುವುದು. ಜಿಲ್ಲೆಯ ಜಲಪರೀಕ್ಷಾಲಯಕ್ಕೆ ಒಂದು ಲೀಟರು ನೀರನ್ನು ಚೊಕ್ಕಟವಾದ ಪ್ಲಾಸ್ಟಿಕ್ ಸೀಸೆಯಲ್ಲಿ ಒಯ್ದು ಕೊಟ್ಟರೆ ಉತ್ತರ ಸಿಗುತ್ತದೆ. ದೋಷ ಕಂಡರೆ ಆ ನೀರನ್ನು ಸ್ನಾನಕ್ಕೂ ಬಟ್ಟೆಗೂ ಬಳಸಿ, ಕುಡಿಯಲು ಮತ್ತು ಅಡುಗೆಗೆ ಬೇರೆ ನೀರನ್ನು ಹುಡುಕಬೇಕು. ನಾಗಪುರದ ರಾಷ್ಟ್ರೀಯ ಪರಿಸರ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಸುಣ್ಣಗಳಿಂದ ಫ್ಲೋರೈಡನ್ನು ತಳಕ್ಕಿಳಿಸುತ್ತಾರೆ. ಈಗ ಊರೂರಿನಲ್ಲಿ ಶುದ್ಧೀಕರಣ ಘಟಕಗಳೂ ಬಂದಿವೆ. ಅವುಗಳ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅವು ಹೆಸರಿಗೆ ಮಾತ್ರ ಶುದ್ಧ.

ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 600 ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ 100 ಚದರ ಮೀಟರಿನ ಮಾಳಿಗೆಯ ಮೇಲೆ 60,000 ಲೀಟರು ನೀರು ಸುರಿಯುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರು ಉಳಿಯುತ್ತದೆ. ಐವರ ಸಂಸಾರಕ್ಕೆ ಕುಡಿಯಲೂ ಅಡುಗೆಗೂ ತಲೆಗೆ ದಿನಕ್ಕೆ 5 ಲೀಟರಿನಂತೆ ವರ್ಷಕ್ಕೆ ಬೇಕಾದುದು 9,125 ಲೀಟರು ಮಾತ್ರ. ಬರಗಾಲದ ಸೀಮೆಯ ಮಾಳಿಗೆಯೂ ತನ್ನ ಮನೆಯವರ ದಾಹವನ್ನು ಐದು ಪಟ್ಟು ತೀರಿಸಬಲ್ಲುದು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಳಿಗೆಯನ್ನು ಗುಡಿಸಿ, ಬಳಿಕ ಮರಳು ಇದ್ದಿಲುಗಳ ಸೋಸುತೊಟ್ಟಿಯ ಮೂಲಕ ಮುಚ್ಚಿದ ತೊಟ್ಟಿಗೆ ಇಳಿಸಬೇಕು. ಹಕ್ಕಿಯ ಹಿಕ್ಕೆಯ ಭಯವಿರುವುದರಿಂದ ಕುಡಿಯುವ ಮುನ್ನ ಕಾಯಿಸಬೇಕು.

5. ಕೂಡಿಟ್ಟ ನೀರಿನ ಅಪಾಯಗಳು

ನೀರಿನ ಕೊರತೆಯಿರುವಲ್ಲಿ ಕೂಡಿಡುವುದು ಅನಿವಾರ್ಯ. ಆದರೆ ತೆರೆದ ತೊಟ್ಟಿ, ಹಂಡೆ, ಒರಳು, ಬಿಸಾಡಿದ ಟೈರು, ಇವು ಈಡಿಸ್ ಸೊಳ್ಳೆಯ ತವರು. ಹಗಲಿನಲ್ಲಿ ಕಚ್ಚುವ ಈ ಸೊಳ್ಳೆಯೇ ಡೆಂಗಿ ಚಿಕೂನ್‌ಗುನ್ಯಾಗಳನ್ನು ಹರಡುವುದು. 2006ರಲ್ಲಿ ಕರ್ನಾಟಕದ ಊರೂರುಗಳಲ್ಲಿ ಚಿಕೂನ್‌ಗುನ್ಯಾ ಹಬ್ಬಿ, ಕೀಲುನೋವಿನಿಂದ ಜನರು ಗೋಡೆ ಹಿಡಿದು ನಡೆದುದು ಅನೇಕರ ನೆನಪಿನಲ್ಲಿದೆ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರಕ್ಕೆ ಮೇಲ್ಪಟ್ಟು ಬೇಕು. ಆದುದರಿಂದ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ, ಒಳಮೈಯನ್ನು ನಾರಿನಿಂದ ತಿಕ್ಕಿ ತೊಳೆಯಬೇಕು. ಮೊಟ್ಟೆಗಳು ನೀರಿನ ಅಂಚಿನ ಮೇಲೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುವುದರಿಂದ ನೀರನ್ನು ಚೆಲ್ಲಿದರೆ ಸಾಲದು, ತಿಕ್ಕುವುದೇ ಮುಖ್ಯ.

ಅಂಬೆಗಾಲಿಡುವ ಮಗುವಿಗೆ ಅಂಗೈಯುದ್ದ ನೀರಿರುವ ಬಕೆಟ್ಟೂ ಅಪಾಯವೇ. ಬಾವಿಗೆ ಕಟ್ಟೆ ಬೇಕು. ತೊಟ್ಟಿಗೆ ಭಾರವಾದ ಮುಚ್ಚಳ ಬೇಕು. ಬತ್ತಿದ ಕೊಳವೆಬಾವಿಯ ಬಾಯನ್ನು ತೆರೆದು ಬಿಡುವುದು ಘೋರ ಅಪರಾಧ. ಇಂತಹ ಕೊಳವೆಗಳಲ್ಲಿ ಮಕ್ಕಳು ಬಿದ್ದ ದುರಂತಗಳನ್ನು ಗಮನಿಸಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನಿಯಮಗಳನ್ನು ವಿಧಿಸಿತು. ಬಳಕೆ ತಪ್ಪಿದ ಕೊಳವೆಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕೆಂಬುದು ಅವುಗಳಲ್ಲೊಂದು. ಗೋಣಿಚೀಲವನ್ನು ಹೊದಿಸುವುದು ಮುಚ್ಚಿದಂತಲ್ಲ.

ಉಪಸಂಹಾರ

ಮೇಲೆ ಹೇಳಿದುದರ ಸಾರವು ಇಷ್ಟು. ನೀರನ್ನು ಮೊದಲು ಪರೀಕ್ಷಿಸಬೇಕು, ಬಳಿಕ ಸೋಸಬೇಕು, ಆಮೇಲೆ ಕಾಯಿಸಬೇಕು, ಕೊನೆಗೆ ಮುಚ್ಚಿಡಬೇಕು. ಕೈಯನ್ನು ತೊಳೆಯಬೇಕು. ಭೇದಿಯಾದವರಿಗೆ ಕುಡಿಸಬೇಕು. ಇದಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ದಿನಂಪ್ರತಿಯ ಎಚ್ಚರ ಬೇಕು. ಆಚಾರವೇ ಸ್ವರ್ಗವೆಂದು ಬಗೆದ ಪರಂಪರೆಗೆ ಎಚ್ಚರವನ್ನು ಆಚಾರವಾಗಿಸಿಕೊಳ್ಳುವುದು ಕಷ್ಟವಾಗಬಾರದು.

ಪಾಠಶಾಲೆಗಳೂ ಪ್ರಸಾದನಿಲಯಗಳೂ ಈ ವಿದ್ಯೆಗೆ ಒಳ್ಳೆಯ ಕ್ಷೇತ್ರಗಳು. ನೂರಾರು ಮಕ್ಕಳು ಒಂದೇ ತೊಟ್ಟಿಯ ನೀರು ಕುಡಿಯುವಲ್ಲಿ ಒಂದು ತಪ್ಪು ನೂರಾಗುತ್ತದೆ. ಒಂದು ಒಳ್ಳೆಯ ರೂಢಿಯೂ ನೂರು ಮನೆಗಳಿಗೆ ಹೋಗುತ್ತದೆ. ಉಪಾಧ್ಯಾಯರು ಬಾವಿಯ ಲೆಕ್ಕವನ್ನು ಗಣಿತದ ತರಗತಿಯಲ್ಲಿಯೂ, ಉಪ್ಪು ಸಕ್ಕರೆಯ ನೀರನ್ನು ವಿಜ್ಞಾನದ ತರಗತಿಯಲ್ಲಿಯೂ ಮಾಡಿಸಬಹುದು. ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಒಯ್ಯಬಹುದು. ತೊಟ್ಟಿಯನ್ನು ಕಟ್ಟಿಸಿಕೊಡುವ ದಾನಿಗಳು ಅದಕ್ಕೊಂದು ಮುಚ್ಚಳವನ್ನೂ, ವರ್ಷಕ್ಕೆರಡು ಬಾರಿ ತೊಳೆಸುವ ಏರ್ಪಾಡನ್ನೂ, ಕೈತೊಳೆಯುವ ಸಾಲುನಲ್ಲಿಗಳನ್ನೂ ಜೊತೆಗೆ ಸೇರಿಸಿದರೆ ದಾನವು ಪೂರ್ಣವಾಗುತ್ತದೆ. ನಾರುಹುಣ್ಣಿನ ಹೆಸರನ್ನೇ ಅರಿಯದ ಮಕ್ಕಳು ಇಂದು ತರಗತಿಗಳಲ್ಲಿ ಕುಳಿತಿದ್ದಾರೆ. ಕಾಲರಾ ಭೇದಿಗಳ ಹೆಸರನ್ನೂ ಅರಿಯದ ಮಕ್ಕಳು ನಾಳೆ ಅದೇ ಮಣೆಗಳ ಮೇಲೆ ಕುಳಿತರೆ, ನಿಘಂಟಿನ ಎರಡು ಅರ್ಥಗಳಲ್ಲಿ 'ಜೀವನ'ವೊಂದೇ ಮನೆಮನೆಯ ಕೊಡದಲ್ಲಿ ಉಳಿಯುವುದು.